ಪುಡಿ ಇಲ್ಲದ ಹತ್ತಿ ಹೂವು

ನಮ್ಮ ಮನೆಯಲ್ಲಿ ವಿಜ್ಞಾನ ಎಂದರೆ ನಾನು. ಇದನ್ನು ಯಾರೂ ಹೇಳಿರಲಿಲ್ಲ, ನಾನೇ ಹೇಳಿಕೊಂಡಿದ್ದೆ. ಬೈಲಹೊಂಗಲದಲ್ಲಿ ಪಿಯುಸಿ ಸೈನ್ಸ್ ಮುಗಿಸಿದ್ದೆ, ಜೀವಶಾಸ್ತ್ರದಲ್ಲಿ ಇಡೀ ಕ್ಲಾಸಿಗೆ ಹೆಚ್ಚು ಅಂಕ ನನ್ನದೇ. ಬಿ.ಎಸ್ಸಿ.ಗೆ ಅರ್ಜಿ ತಂದಿಟ್ಟ ವಾರದಲ್ಲಿಯೇ ಸವದತ್ತಿ ರಸ್ತೆಯ ಹಳ್ಳಿಯೊಂದರಿಂದ ಸಂಬಂಧ ಬಂತು. ನೀರಾವರಿಯ ಕಪ್ಪು ಎರಿ ಹೊಲ ನೋಡಿ ಅಪ್ಪ ಹೂಂ ಅಂದ. ಅರ್ಜಿ ಗೋಡೆಯ ಮಾಡದಲ್ಲಿ ಹಾಗೆಯೇ ಉಳಿಯಿತು, ನಾನು ಸೀರೆಗಳ ಕೆಳಗೆ ಜೀವಶಾಸ್ತ್ರದ ಪುಸ್ತಕ ಇಟ್ಟುಕೊಂಡು ಗಂಡನ ಮನೆಗೆ ಬಂದೆ. ಬೇರೆ ಸೊಸೆಯರು ತವರಿನ ಬಂಗಾರ ತೋರಿಸುತ್ತಾರೆ. ನಾನು ಬಂದವರಿಗೆಲ್ಲ ಆ ಪುಸ್ತಕ ತೋರಿಸುತ್ತಿದ್ದೆ.

ಎರಡು ವರ್ಷಕ್ಕೆ ನನ್ನ ಮೈದುನನ ಮದುವೆಯಾಗಿ ಮನೆಗೆ ನೆಗೆಣ್ಣಿ ಬಂದಳು. ರಾಮದುರ್ಗದ ಕಡೆಯವಳು, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಸಹಿ ಮಾಡುವಾಗ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ನನ್ನನ್ನು ಅಕ್ಕಾರ ಎಂದು ಕರೆಯುತ್ತಿದ್ದಳು, ಪುಸ್ತಕ ಮುಟ್ಟುವ ಮೊದಲು ಕೈ ತೊಳೆದುಕೊಂಡು ಬರುತ್ತಿದ್ದಳು. ಇಂಥವಳ ಮೇಲೆ ಹೊಟ್ಟೆಕಿಚ್ಚು ಪಡುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಪೇಪರಿನಲ್ಲಿ ಬಂದ ವಿಜ್ಞಾನದ ಸುದ್ದಿಯನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುವುದು ನನ್ನ ಚಟ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಒಂದು ಕುರಿಯ ಜೀವಕೋಶ ತೆಗೆದು ಅದರಂಥದೇ ಇನ್ನೊಂದು ಕುರಿ ಹುಟ್ಟಿಸಿದ್ದಾರೆ ಎಂಬ ಸುದ್ದಿ ಬಂದ ದಿನ ನನಗೆ ರೊಟ್ಟಿ ಬಡಿಯಲು ಕೈ ಓಡಲಿಲ್ಲ. ಓದಿ ಮುಗಿಸಿದಾಗ ಅತ್ತೆ ಒಲೆಯ ಮುಂದಿನಿಂದಲೇ ಅಂದಳು:

“ಎಲ್ಲಾ ಕುರೀನೂ ಒಂದ ನಮೂನಿ ಇರತಾವು. ಇದ್ರಾಗ ಹೊಸಾದ ಏನೈತಿ?”

ನಾನು ಹಣೆ ಚಚ್ಚಿಕೊಂಡೆ. ಆದರೆ ನೆಗೆಣ್ಣಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು: “ಅಕ್ಕಾರ, ಹಂಗಾದ್ರ ಆ ಮರೀಗೆ ತಾಯಿ ಯಾರರಿ? ಹಡದಾಕಿನೋ, ಮೈಯಾಗಿಂದ ತೆಗದು ಕೊಟ್ಟಾಕಿನೋ?”

ಪೇಪರನ್ನು ಇನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಮಡಚಿಟ್ಟೆ. “ಅದೆಲ್ಲಾ ನಿನಗ ತಿಳಿಯೂದಿಲ್ಲ ಬಿಡು” ಎಂದೆ. ನನಗೆ ಆ ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು ಊಟದ ಹೊತ್ತಿನವರೆಗೂ ಒಳಗೆ ಕುದಿಯುತ್ತಿತ್ತು.

ಆ ವರ್ಷ ನಮ್ಮವರು ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟ್ ಮಾಡಿದರು. ನನಗೆ ಹಬ್ಬ ಬಂದಷ್ಟು ಖುಷಿ. ಪುಸ್ತಕದಲ್ಲಿ ಓದಿದ ಪರಾಗಸ್ಪರ್ಶ ನಮ್ಮ ಹೊಲಕ್ಕೇ ಬಂದಿತ್ತು. ಹೈಬ್ರಿಡ್ ಬೀಜ ತಾನಾಗಿ ಆಗುವುದಿಲ್ಲ. ಹೊಲದ ಒಂದು ಬದಿಗೆ ಗಂಡು ತಳಿಯ ಸಾಲುಗಳು, ಉಳಿದದ್ದೆಲ್ಲ ಹೆಣ್ಣು ತಳಿ. ಹತ್ತಿ ಹೂವಿನಲ್ಲಿ ಗಂಡೂ ಹೆಣ್ಣೂ ಒಂದೇ ಮನೆಯಲ್ಲಿ ಇರುವುದರಿಂದ, ಹೆಣ್ಣು ಸಾಲಿನಲ್ಲಿ ನಾಳೆ ಅರಳುವ ಮೊಗ್ಗನ್ನು ಇಂದು ಮಧ್ಯಾಹ್ನವೇ ಗುರುತಿಸಬೇಕು. ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಗೀರಿ, ಎಸಳಿನ ಜೊತೆಗೆ ಪುಡಿಯ ಕೇಸರವನ್ನೂ ಟೋಪಿ ತೆಗೆದಂತೆ ಎತ್ತಿಬಿಡಬೇಕು. ಉಳಿದ ಎಳೆಯ ಕಾಯಿಗೆ ಕೆಂಪು ಕಾಗದದ ಕೊಳವಿ ತೊಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿಯನ್ನು ಅದಕ್ಕೆ ಸವರಿ ತೊಟ್ಟಿಗೆ ದಾರ ಕಟ್ಟಬೇಕು. ಉಗುರು ಆಳವಾದರೆ ಕಾಯಿ ಉದುರುತ್ತದೆ, ಮೇಲಾದರೆ ಕೇಸರದ ಚೂರು ಉಳಿದು ಹೂವು ತನ್ನ ಪುಡಿಯನ್ನೇ ತಾನು ತಗೊಂಡು ಬೀಜ ಬೆರಕೆಯಾಗುತ್ತದೆ. ಇದಕ್ಕೆಲ್ಲ ನಮ್ಮಲ್ಲಿ ಒಂದೇ ಮಾತು, ಕ್ರಾಸಿಂಗ್.

ಮೊದಲ ದಿನ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಬದುವಿನ ಮೇಲೆ ಕೂಡಿಸಿ ನಾನೇ ಪಾಠ ಮಾಡಿದೆ. ಅಂಡಾಶಯ, ಶಲಾಕೆ, ಶಲಾಕಾಗ್ರ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಹೊತ್ತಿಗೆ ನೆಗೆಣ್ಣಿ ಸಾಲಿಗೆ ಇಳಿದು ಹತ್ತು ಮೊಗ್ಗು ಸುಲಿದಿದ್ದಳು.

ಪ್ಲಾಟ್ ನೋಡಲು ಹದಿನೈದು ದಿನಕ್ಕೊಮ್ಮೆ ಬೀಜದ ಸಾಹೇಬರು ಬರುತ್ತಿದ್ದರು, ಕೃಷಿಯಲ್ಲಿ ದೊಡ್ಡ ಓದು ಓದಿದವರು. ಯಾರ ಕೆಲಸ ಹೇಗಿದೆ ಎಂದು ಗೊತ್ತಾಗಲಿ ಎಂದು ಅವರೇ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ ಹಂಚಿದರು. ನನ್ನದು ನೀಲಿ, ನೆಗೆಣ್ಣಿಯದು ಹಳದಿ. ಆ ಮನುಷ್ಯನಿಗೆ ಗೊತ್ತಿರಲಿಕ್ಕಿಲ್ಲ, ಒಂದು ಮನೆಯ ಇಬ್ಬರು ಸೊಸೆಯರಿಗೆ ಎರಡು ಬಣ್ಣ ಕೊಡುವುದು ಎಂದರೆ ಏನೆಂದು. ಒಳಗಿನ ಹೆಚ್ಚು ಕಡಿಮೆ ಒಳಗೇ ಇರುತ್ತಿತ್ತು, ಅವರು ಅದನ್ನು ಗಿಡಗಿಡಕ್ಕೂ ಕಟ್ಟಿಸಿದರು.

ದಸರೆಗೆ ತಿಂಗಳು ಮೊದಲೇ ಹೊಲ ಹಳದಿಯಾಗಿತ್ತು. ಅವಳು ಕಟ್ಟಿದ ಕಾಯಿ ಕಲ್ಲಿನ ಹಾಗೆ ಹಿಡಿದು ನಿಂತಿದ್ದವು. ನನ್ನ ನೀಲಿ ದಾರಗಳು ನೆಲದ ಮೇಲೆ ಬಿದ್ದಿರುತ್ತಿದ್ದವು, ಉದುರಿದ ಕಾಯಿಯ ಕೊರಳಲ್ಲಿ. ಸಂಜೆ ಯಾರೂ ನೋಡದಾಗ ಅವನ್ನು ಹೆಕ್ಕಿ ಉಡಿಯಲ್ಲಿ ಹಾಕಿಕೊಂಡು ಬಂದು ಒಲೆಗೆ ಹಾಕುತ್ತಿದ್ದೆ. ಮುಂದಿನ ಸಲ ಬಂದಾಗ ಸಾಹೇಬರು ನನ್ನ ಸಾಲಿನ ಕೆಂಪು ಕಾಗದ ನಾಲ್ಕೈದು ಬಿಚ್ಚಿ ನೋಡಿದರು. ಎರಡರಲ್ಲಿ ಕೇಸರದ ಚೂರು ಉಳಿದಿತ್ತು.

“ನೀವು ಸೈನ್ಸ್ ಓದಿದವರಲ್ರಿ,” ಎಂದರು, ಬೇಸರದಿಂದಲ್ಲ, ಆಶ್ಚರ್ಯದಿಂದ. “ನಿಮ್ಮ ಮನ್ಯಾಗ ಇಂಥಾ ಕೈ ಇಟ್ಟಗೊಂಡು ಹಿಂಗ ಮಾಡಿದ್ರ ಹೆಂಗ್ರಿ? ಇವರ ಹಂತ್ಯಾಕ ಒಂದ ನಾಕ ದಿನ ಕಲೀರಿ” ಎಂದು ನೆಗೆಣ್ಣಿಯ ಕಡೆ ಕೈ ಮಾಡಿದರು.

ಅತ್ತೆ ಬುತ್ತಿ ಇಳಿಸುತ್ತಿದ್ದವಳು ನಕ್ಕಳು. “ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ರೀ ಸಾಹೇಬ್ರ” ಎಂದಳು. ಎಲ್ಲರೂ ನಕ್ಕರು, ನನ್ನ ಗಂಡನೂ. ನೆಗೆಣ್ಣಿ ಮಾತ್ರ ನಗದೆ ತಲೆ ತಗ್ಗಿಸಿದಳು. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು, ಒಂದು ಕಾರಣವಾದರೂ ಸಿಗುತ್ತಿತ್ತು.

ಅಂದಿನಿಂದ ಸಾಹೇಬರು ನನ್ನ ಕೈಯಿಂದ ದಾರ ಬಿಡಿಸಿ ಬೇರೆ ಕೆಲಸ ಕೊಟ್ಟರು. ಬೆರಕಿ ಗಿಡ ಕೀಳುವುದು. ಬೀಜದ ಪ್ಲಾಟಿನಲ್ಲಿ ಇದೊಂದು ಕಟ್ಟುನಿಟ್ಟಿನ ನಿಯಮ. ಎಲೆಯಾಗಲಿ ಹೂವಾಗಲಿ ಗಿಡದ ನಿಲುವಾಗಲಿ, ಉಳಿದವುಗಳಂತೆ ಇಲ್ಲದ ಗಿಡ ಕಂಡರೆ ಯಾಕೆ ಏನು ಎಂದು ಕೇಳದೆ ಬೇರುಸಹಿತ ಕಿತ್ತು ಹಾಕಬೇಕು. ಹೆಣ್ಣು ತಳಿ ಹೇಗಿರಬೇಕು ಎಂದು ಬರೆದ ಒಂದು ಹಾಳೆ ನನ್ನ ಕೈಗೆ ಬಂತು. ಓದಲು ಬರುವವಳು ನಾನೊಬ್ಬಳೇ ಆದ್ದರಿಂದ ಇದು ದೊಡ್ಡ ಕೆಲಸ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಅವರು ನೆಗೆಣ್ಣಿಯನ್ನು ಜೀಪಿನಲ್ಲಿ ಕೂಡಿಸಿಕೊಂಡು ಸಿರಸಂಗಿ ಕಡೆಯ ಪ್ಲಾಟುಗಳಿಗೆ ಹೋಗುತ್ತಿದ್ದರು, ಜೊತೆಗೆ ಮೈದುನನೂ ಇರುತ್ತಿದ್ದ. ಅಲ್ಲಿಯ ಹೆಣ್ಣುಮಕ್ಕಳಿಗೆ ಇವಳು ಉಗುರು ಹಿಡಿಯುವುದನ್ನು ತೋರಿಸಬೇಕು. ನಾಲ್ಕನೇ ಇಯತ್ತೆಯವಳು ಜೀಪಿನಲ್ಲಿ, ನಾನು ಬೆರಕಿ ಹುಡುಕುತ್ತ ಬಿಸಿಲಲ್ಲಿ.

ಶೀಗಿ ಹುಣ್ಣಿಮೆ ಬಂತು. ಹೊಲಕ್ಕೆ ಹೋಗಿ ನೈವೇದ್ಯದ ಅಡುಗೆಯನ್ನು ಚರಗವಾಗಿ ಚೆಲ್ಲಿ ಭೂಮಿತಾಯಿಗೆ ಉಡಿ ತುಂಬುವ ದಿನ. ಆದರೆ ಹೂವಿಗೆ ಹಬ್ಬ ಗೊತ್ತಿಲ್ಲ, ಬೆಳಗಿನ ಕ್ರಾಸಿಂಗ್ ಮುಗಿಸಿಯೇ ಊಟ. ನಾನು ಕಡುಬು, ಹೋಳಿಗೆ ಬಿಚ್ಚಿಡುತ್ತಿದ್ದೆ. ನೆಗೆಣ್ಣಿ ಸಾಲಿನಿಂದ ಓಡುತ್ತಲೇ ಬಂದು ಹಬ್ಬದ ಸೀರೆಗೆ ಕೈ ಒರೆಸದೆ ನನ್ನ ಮುಂದೆ ಹಿಡಿದಳು.

“ಅಕ್ಕಾರ, ನನ್ನ ಕೈ ನೋಡ್ರಿ. ಏನರ ಹತ್ತೈತೇನ್ರಿ?”

“ಏನಿಲ್ಲ,” ಎಂದೆ.

“ಹಾಂ! ಏನೂ ಹತ್ತಿಲ್ಲ. ಒಂದ ಗಿಡ ಐತ್ರಿ, ಬಾವಿ ಕಡೆ ಮೂರನೇ ಸಾಲಿನ್ಯಾಗ. ಅದರ ಮೊಗ್ಗಿ ಸುಲದ್ರ ಕೇಸರದ ಹಸಿ ಉಗುರಿಗೆ ಹತ್ತೂದಿಲ್ಲ. ನಿನ್ನೆ ಬೇಕಂತನ ಒಂದ ಮೊಗ್ಗಿ ಬಿಟ್ಟೆ, ಅರಳಲಿ ನೋಡೂಣು ಅಂತ. ಇವತ್ತ ಅರಳೈತಿ, ತಿಕ್ಕಿದ್ರ ಪುಡೀನ ಇಲ್ರಿ ಅದ್ರಾಗ! ಆ ಗಿಡದ ಎಲ್ಲಾ ಮೊಗ್ಗಿ ಹಂಗ ಅದಾವು.”

ಅವಳ ಹಿಂದೆ ಹೋದೆ. ಗಿಡ ನೋಡಲು ಉಳಿದವುಗಳಂತೆಯೇ ಇತ್ತು. ಎಲೆ ಅದೇ, ನಿಲುವು ಅದೇ, ಹಳದಿ ದಾರದ ಕಾಯಿಗಳೂ ಇದ್ದವು. ಹೂವು ಒಂದಿಷ್ಟು ಸಣ್ಣದು. ಕೇಸರಗಳು ಒಣಗಿದ ಸಾಸಿವೆಯ ಹಾಗೆ ಸುಕ್ಕಾಗಿ ಕುಳಿತಿದ್ದವು. ಬೆರಳಿನಿಂದ ತಿಕ್ಕಿದೆ, ಏನೂ ಹತ್ತಲಿಲ್ಲ.

ನನಗೆ ಗೊತ್ತಾಯಿತು. ಇದನ್ನೇ ಬರೆಯಬೇಕೆಂದು ಇಷ್ಟು ದಿನ ಕೂತಿದ್ದೇನೆ. ನನಗೆ ಗೊತ್ತಾಯಿತು. ನನ್ನ ಪುಸ್ತಕದ ತಳಿ ಅಭಿವೃದ್ಧಿಯ ಪಾಠದಲ್ಲಿ ಎರಡು ಸಾಲು ಇತ್ತು. ಕೆಲವು ಗಿಡಗಳಲ್ಲಿ ವಂಶವಾಹಿಯ ಬದಲಾವಣೆಯಿಂದ ಪರಾಗ ಹುಟ್ಟುವುದಿಲ್ಲ, ಇಂಥ ಗಂಡು ಬಂಜೆತನ ಸಿಕ್ಕರೆ ಕೇಸರ ಕೀಳುವ ಕೆಲಸವೇ ತಪ್ಪುತ್ತದೆ, ತಳಿವಿಜ್ಞಾನಿಗಳು ಇದನ್ನು ಹುಡುಕುತ್ತಾರೆ ಎಂದು. ಪರೀಕ್ಷೆಗೆ ಬರಬಹುದು ಎಂದು ಆ ಸಾಲುಗಳ ಕೆಳಗೆ ನಾನೇ ಗೆರೆ ಎಳೆದಿದ್ದೆ. ಪರೀಕ್ಷೆಗೆ ಬಂದಿರಲಿಲ್ಲ. ಈಗ ಹೊಲದಲ್ಲಿ ಬಂದು ನಿಂತಿತ್ತು, ಮತ್ತು ಅದನ್ನು ಕಂಡವಳು ನಾನಾಗಿರಲಿಲ್ಲ. ಬೆರಕಿ ಹುಡುಕಲು ದಿನಾ ಆ ಸಾಲಿನಲ್ಲಿ ಹಾದು ಹೋಗಿದ್ದೆ, ಹಾಳೆ ಕೈಯಲ್ಲಿ ಹಿಡಿದುಕೊಂಡು.

“ಏನಿರಬೇಕ್ರಿ ಅಕ್ಕಾರ?” ಎಂದು ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನೋಡತೇನಿ. ಪುಸ್ತಕದಾಗ ನೋಡಿ ಹೇಳತೇನಿ” ಎಂದೆ.

“ನಾಡದ ಸಾಹೇಬ್ರ ಬರತಾರಲ್ರಿ, ಅವರಿಗೂ ತೋರಸೂಣ್ರಿ” ಎಂದು ಅವಳು ಕುಣಿಯುತ್ತಲೇ ಊಟಕ್ಕೆ ಹೋದಳು.

ಆ ದಿನ ಕೀಳಲಿಲ್ಲ. ಹುಣ್ಣಿಮೆಯ ದಿನ ಭೂಮಿತಾಯಿ ಬಸುರಿ, ಹಸಿರು ಕೀಳಬಾರದು ಎಂದು ನಮ್ಮ ಅತ್ತೆಯ ಕಟ್ಟಳೆ. ಹೀಗಾಗಿ ನನಗೆ ಯೋಚಿಸಲು ಪೂರ್ತಿ ಒಂದು ದಿನ ಸಿಕ್ಕಿತು. ಸಿಟ್ಟಿನ ಭರದಲ್ಲಿ ಮಾಡಿದೆ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ. ಸಾಹೇಬರು ಬಂದು ಗಿಡ ನೋಡುತ್ತಾರೆ, ಕಣ್ಣು ಅರಳಿಸುತ್ತಾರೆ, ಅವಳನ್ನು ಧಾರವಾಡಕ್ಕೆ ಕರೆಯುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಅದನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದುವವಳು ನಾನು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಲಕ್ಕೆ ಹೋಗಿ, ಎರಡೂ ಕೈಯಿಂದ ಬುಡ ಹಿಡಿದು ಎಳೆದೆ. ಎರಿ ಮಣ್ಣು ಗಟ್ಟಿ ಹಿಡಿದಿತ್ತು, ಮೂರು ಸಲ ಎಳೆಯಬೇಕಾಯಿತು. ಬದುವಿನ ಬೆರಕಿ ರಾಶಿಯ ಮೇಲೆ ಹಾಕಿ ಅದರ ಮೇಲೆ ಇನ್ನೆರಡು ಗಿಡ ಕಿತ್ತು ಹಾಕಿದೆ. ಆ ಎರಡರಲ್ಲಿ ತಪ್ಪೇನೂ ಇರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ನೆಗೆಣ್ಣಿ ಬಂದು ಸಾಲಿನಲ್ಲಿ ಖಾಲಿ ಜಾಗ ನೋಡಿ ನಿಂತಳು.

“ಕಿತ್ತಿರೇನ್ರಿ ಅಕ್ಕಾರ?”

“ಹೂಂ. ಬೆರಕಿ ಇತ್ತು. ಪುಸ್ತಕದಾಗ ನೋಡಿದೆ. ಇಟ್ಟಿದ್ರ ಇಡೀ ಪ್ಲಾಟ್ ಕೆಡತಿತ್ತು.”

“ಹೌದೇನ್ರಿ!” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. “ನಾ ಹುಚ್ಚಿ, ಏನೋ ಬಂಗಾರ ಸಿಕ್ಕವರಂಗ ಕುಣದ್ನಿ. ನೀವಿದ್ರಿ ಚೊಲೋ ಆತು.” ಸಾಹೇಬರು ಬಂದಾಗ ಬಾಯಿ ಬಿಡಲಿಲ್ಲ. ಪ್ಲಾಟ್ ಕೆಡಿಸುವ ಗಿಡಕ್ಕೆ ತಾನು ದಾರ ಕಟ್ಟುತ್ತಿದ್ದೆ ಎಂದು ನಾಚಿಕೊಂಡಿದ್ದಳು.

ನನಗೆ ಸಮಾಧಾನವಾಯಿತೇ ಎಂದರೆ, ಆಯಿತು. ಒಂದು ವಾರ ಹಾಯಾಗಿದ್ದೆ. ಹೊಟ್ಟೆಕಿಚ್ಚಿನವರಿಗೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ನನಗೆ ಚೆನ್ನಾಗಿಯೇ ಬಂತು.

ಹೊಸ ಶತಮಾನ ಬಂತು. ಮನುಷ್ಯನ ವಂಶವಾಹಿಗಳ ಪೂರ್ತಿ ನಕ್ಷೆ ಓದಿದರು ಎಂದು ಪೇಪರಿನಲ್ಲಿ ಬಂತು, ಓದಿದೆ. ಕಾಯಿಕೊರಕ ಹುಳ ತಿಂದರೆ ಹುಳವೇ ಸಾಯುವ ಬಿಟಿ ಹತ್ತಿ ನಮ್ಮ ಹೊಲಗಳಿಗೂ ಬಂತು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಯ ಒಂದು ಜೀನು ತಂದು ಹತ್ತಿಗೆ ಸೇರಿಸಿದ್ದಾರೆ ಎಂದು ಓಣಿಯವರಿಗೆಲ್ಲ ವಿವರಿಸಿದೆ. ಹುಳ ಸಾಯುವ ಎಲೆ ತಿಂದ ದನದ ಗತಿ ಏನು ಎಂದು ನೆಗೆಣ್ಣಿಯೇ ಕೇಳಿದಳು, ಅಲ್ಲಿಯೂ ಒಳ್ಳೆಯ ಪ್ರಶ್ನೆ ಅವಳದೇ. ನಾವು ಇಬ್ಬರೂ ದಪ್ಪಗಾಗಿದ್ದೆವು, ಮಕ್ಕಳು ಸಾಲಿಗೆ ಹೋಗುತ್ತಿದ್ದರು. ಅವಳು ಇಡೀ ತಾಲೂಕಿಗೆ ಕ್ರಾಸಿಂಗ್ ಅಕ್ಕ ಎಂದೇ ಗೊತ್ತಾಗಿದ್ದಳು. ಅದನ್ನು ನುಂಗಿಕೊಂಡು ಬದುಕುವುದು ನನಗೆ ರೂಢಿಯಾಗಿತ್ತು.

ಅಂಥ ಒಂದು ವರ್ಷ ಕಿತ್ತೂರಿನ ಒಂದು ಹಾಲ್‌ನಲ್ಲಿ ಹತ್ತಿ ಬೆಳೆಯುವ ಹೆಣ್ಣುಮಕ್ಕಳಿಗೆ ಒಂದು ದಿನದ ತರಬೇತಿ ಇತ್ತು. ಇಬ್ಬರೂ ಹೋದೆವು. ವಯಸ್ಸಾದ ಒಬ್ಬ ವಿಜ್ಞಾನಿ ಪರದೆಯ ಮೇಲೆ ಒಂದೊಂದೇ ಚಿತ್ರ ತೋರಿಸುತ್ತ ಬಂದರು. ಊಟಕ್ಕೆ ಮೊದಲಿನ ಕೊನೆಯ ಚಿತ್ರ ಒಂದು ಹತ್ತಿ ಹೂವು. ಕೇಸರಗಳು ಸುಕ್ಕಾಗಿದ್ದವು. ನಾನು ಪರದೆಯಿಂದ ಕಣ್ಣು ತೆಗೆದೆ.

“ಇಂಥಾ ಗಿಡ ತಾನ ಹುಟ್ಟತೈತ್ರಿ, ಬಾಳ ಅಪರೂಪಕ್ಕ,” ಎಂದರು ಅವರು. “ಒಂದು ಜೀನ್ ಬದಲಾತಂದ್ರ ಪುಡಿ ಆಗೂದಿಲ್ಲ. ಬ್ಯಾರೆ ಕಡೆ ಇಂಥಾ ಗಿಡ ಹಿಡದು ತಳಿ ಮಾಡ್ಯಾರ. ಉಗುರಿನ ಕೆಲಸಾನ ಬ್ಯಾಡ. ನಾವು ಲ್ಯಾಬಿನ್ಯಾಗ ಕುಂತವರಿಗೆ ಇದು ಕಾಣೂದಿಲ್ರಿ. ದಿನಾ ಮೊಗ್ಗಿ ಸುಲಿಯೂ ನಿಮ್ಮ ಕೈಗೆ ಕಾಣತೈತಿ. ಕಂಡ್ರ ಕೀಳಬ್ಯಾಡ್ರಿ, ನಮಗ ತಿಳಸ್ರಿ. ಮೊದಲ ಕಂಡವರು ಇವರು ಅಂತ ನಿಮ್ಮ ಹೆಸರ ಬರೀತೇವಿ.”

ಪಕ್ಕದಲ್ಲಿ ನೆಗೆಣ್ಣಿ ಎದ್ದು ನಿಂತಿದ್ದಳು. ಸೆರಗು ಎಳೆದು ತಲೆಯ ಮೇಲೆ ಹಾಕಿಕೊಂಡಳು.

“ನಮ್ಮ ಹೊಲದಾಗ ಹಿಂತಾದ್ದ ಬಂದಿತ್ರಿ ಸಾಹೇಬ್ರ. ನನ್ನ ಉಗುರಿಗೆ ಗೊತ್ತಾಗಿತ್ತು. ಕಿತ್ತಿಬಿಟ್ವಿ.” ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ನನ್ನನ್ನು ಉಳಿಸುವ ಮಾತು ಹುಡುಕಿದಳು. “ನಮ್ಮ ಅಕ್ಕಾರದ ತಪ್ಪಿಲ್ರಿ. ಅವರಿಗೆ ಗೊತ್ತಿದ್ದಿಲ್ಲ.”

ಇಡೀ ಹಾಲ್ ನನ್ನ ಕಡೆ ತಿರುಗಿತು. ವಿಜ್ಞಾನಿ ನಕ್ಕು ಕೈ ಬೀಸಿದರು. “ಇರ್ಲಿ ಬಿಡ್ರಿ ತಂಗಿ. ಹೊಲದಾಗ ಕೆಲಸ ಮಾಡೂ ಹೆಣಮಕ್ಕಳು, ಅವರಿಗೆ ಹೆಂಗ ಗೊತ್ತಾಗಬೇಕು?”

ಪ್ರಾಮಾಣಿಕತೆ ಉಕ್ಕಿ ಬಂದು ಎದ್ದು ನಿಂತೆ ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಸಹಿಸಲಿಕ್ಕೆ ಆಗದೆ ಇದ್ದದ್ದು ಬೇರೆ. ಅವಳ ಉಗುರಿಗೆ ಗೊತ್ತಿತ್ತಂತೆ, ನನಗೆ ಗೊತ್ತಿರಲಿಲ್ಲವಂತೆ! ತರಗತಿಗೇ ಹೆಚ್ಚು ಅಂಕ ತೆಗೆದ ನನಗೆ, ಗೆರೆ ಎಳೆದು ಓದಿದ ನನಗೆ. ಕೆಟ್ಟವಳು ಎನಿಸಿಕೊಂಡೇನು, ದಡ್ಡಿ ಎನಿಸಿಕೊಳ್ಳಲಾರೆ ಎಂದು ಆ ಗಳಿಗೆಯಲ್ಲಿ ನನ್ನ ಮೈಯೆಲ್ಲ ಹೇಳಿತು.

“ಗೊತ್ತಿತ್ತು,” ಎಂದೆ. ದನಿ ಗಟ್ಟಿಯಾಗಿಯೇ ಬಂತು. “ನನಗ ಗೊತ್ತಿತ್ರಿ. ಪಿಯುಸಿ ಪುಸ್ತಕದಾಗ ಓದಿದ್ದೆ. ಅದಕ್ಕ ಗಂಡು ಬಂಜೆತನ ಅಂತಾರ.”

ವಿಜ್ಞಾನಿ ಕನ್ನಡಕ ತೆಗೆದರು. “ಗೊತ್ತಿದ್ದೂ ಯಾಕ ಕಿತ್ತಿರಿ ತಾಯಿ?” ಎಂದು ಮೆಲ್ಲಗೆ ಕೇಳಿದರು.

ಅದಕ್ಕೆ ಉತ್ತರ ಕೊಡುವ ಅಗತ್ಯ ಇರಲಿಲ್ಲ. ಅಲ್ಲಿ ಕೂತ ಹೆಂಗಸರೆಲ್ಲ ನೆಗೆಣ್ಣಿ, ಅತ್ತೆ, ನಾದಿನಿಯರ ನಡುವೆ ಬದುಕಿದವರು. ಯಾರೂ ನಗಲಿಲ್ಲ. ಅದು ಅದೇ ಗಿಡವೋ ಅಲ್ಲವೋ ಎಂದು ಈಗ ಹೇಳಲು ಬರುವುದಿಲ್ಲ, ಒಂದು ಬೀಜ ಉಳಿದಿದ್ದರೂ ನೋಡಬಹುದಿತ್ತು ಎಂದು ವಿಜ್ಞಾನಿ ಹೇಳಿ, ಊಟಕ್ಕೆ ಏಳಿ ಎಂದರು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತೆವು. ಅವಳು ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಕೂಡಿಸಿಟ್ಟುಕೊಂಡಿದ್ದೆ. ಬೈಲಹೊಂಗಲ ಬರುವವರೆಗೆ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸಿಗೆ ಕಾಯುವಾಗ, ನನ್ನ ಕಡೆ ತಿರುಗದೆ ಹೇಳಿದಳು:

“ಅವತ್ತ ನಾ ಮೊದಲ ನಮ್ಮ ಮನಿಯವರಿಗೆ ಹೇಳಾಕ ಹೊಂಟಿದ್ನಿರಿ. ಅವರು ಬಾವಿ ಕಡೇನ ಇದ್ರು. ಬ್ಯಾಡ, ಅಕ್ಕಾರು ಓದಿದಾರ, ದಾರ ಬಿಡಿಸಿದಾಗಿಂದ ಮನಸಿಗೆ ಹಚಗೊಂಡಾರ, ಅವರಿಗೆ ಹೇಳಿದ್ರ ಇಬ್ಬರೂ ಕೂಡಿ ಸಾಹೇಬ್ರಿಗೆ ತೋರಸಬೌದು ಅಂತ ನಿಮ್ಮ ಹಂತ್ಯಾಕ ಓಡಿ ಬಂದ್ನಿ.”

ಬಸ್ಸು ಬಂತು. ಅವಳು ಹತ್ತಿ ನನಗೂ ಜಾಗ ಹಿಡಿದಳು.

ಮನೆಯಲ್ಲಿ ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಇಂದಿಗೂ ಅಕ್ಕಾರ ಎನ್ನುತ್ತಾಳೆ, ನನಗೆ ಜ್ವರ ಬಂದರೆ ಗಂಜಿ ಮಾಡಿ ತರುತ್ತಾಳೆ. ಆದರೆ ಹೊಲದಲ್ಲಿ ಇದನ್ನು ನೋಡ್ರಿ ಎಂದು ಮತ್ತೆ ಒಮ್ಮೆಯೂ ಕರೆದಿಲ್ಲ. ನಡೆಯುತ್ತ ನಡೆಯುತ್ತ ಯಾವುದೋ ಗಿಡದ ಮುಂದೆ ನಿಲ್ಲುತ್ತಾಳೆ, ಬಗ್ಗಿ ಎಲೆ ತಿರುಗಿಸುತ್ತಾಳೆ, ಒಬ್ಬಳೇ ಸಣ್ಣಗೆ ನಗುತ್ತಾಳೆ. ನಾನು ಬರುವುದು ಕಂಡರೆ ಮುಂದಿನ ಸಾಲಿಗೆ ಹೋಗುತ್ತಾಳೆ. ಅವಳು ಹೋದ ಮೇಲೆ ನಾನು ಆ ಗಿಡದ ಮುಂದೆ ನಿಂತು ಎಲೆ, ಮೊಗ್ಗು, ಹೂವು ಎಲ್ಲ ಮುಟ್ಟಿ ಮುಟ್ಟಿ ನೋಡುತ್ತೇನೆ. ನನಗೆ ಅದು ಉಳಿದ ಗಿಡಗಳಂತೆಯೇ ಕಾಣುತ್ತದೆ.